ಕರೆಂಟಿನ ಶೆಗಡಿ ಮತ್ತು ಉಕ್ಕದ ಹಾಲು

ಮೊಮ್ಮಗಳು ಜಪಾನಿಗೆ ಹೋಗುವಾಗ ನಾನು ಹಟ ಹಿಡಿದು ಅವಳ ಸಾಮಾನಿನಲ್ಲಿ ಮಿಕ್ಸರ್ ಇಡಿಸಿದ್ದೆ. ಶೇಂಗಾ ಚಟ್ನಿ ಇಲ್ಲದಿದ್ದರೆ ಆ ಹುಡುಗಿ ರೊಟ್ಟಿ ಮುಟ್ಟುವುದಿಲ್ಲ. ಹೋಗಿ ವಾರ ಕಳೆಯುವುದರೊಳಗೆ ಅವಳ ಫೋನು ಬಂತು.

“ಅಜ್ಜಿ, ನಿನ್ನ ಮಿಕ್ಸರ್ ತಿರಗವಲ್ದು. ಗುಂಯ್ ಅಂತೈತಿ, ಹೊಳ್ಳಿ ಮಲಗತೈತಿ. ಶೇಂಗಾ ಇದ್ದ ಹಾಂಗ ಇದ್ದಾವ.”

“ಸ್ವಿಚ್ಚರೆ ಹಾಕೀಯೇನಲೇ?”

“ಹಾಕೀನಿ ಬೇ. ಇಲ್ಲೆ ಕರೆಂಟನ ಅರ್ಧ ಐತಿ. ನಮ್ಮ ಕಡೆ ಎರಡು ನೂರಾ ಮೂವತ್ತು, ಇವರದು ಬರೇ ನೂರು.”

ಅವಳು ನಗುತ್ತಿದ್ದಳು. ನಾನೂ ನಗಬೇಕಾಗಿತ್ತು. ಆದರೆ ನನ್ನ ಕಿವಿ ಬಿಸಿಯಾದವು. ಇಷ್ಟು ವಯಸ್ಸಾದರೂ ಆ ಒಂದು ವಿಷಯ ಬಂದರೆ ಸಾಕು, ನನ್ನ ಕಿವಿ ಹದಿನಾಲ್ಕು ವರ್ಷದ ಹುಡುಗಿಯ ಕಿವಿಯಾಗಿಬಿಡುತ್ತವೆ.

“ಯಾಕ ಸುಮ್ಮನಾದಿ?” ಎಂದಳು.

“ನನಗೂ ಹಿಂಗ ಆಗಿತ್ತವಾ. ಪರದೇಶಕ್ಕ ಹೋದಾಗ.”

“ನೀ ಯಾವ ಪರದೇಶಕ್ಕ ಹೋಗಿದ್ದಿ?”

“ಲಕ್ಷ್ಮೇಶ್ವರಕ್ಕ.”

ಆಕೆ ನಕ್ಕು ನಕ್ಕು ಫೋನು ಕೆಳಗೆ ಬೀಳಿಸಿದಳು. ಆಮೇಲೆ, “ಅಜ್ಜಿ, ಹೆಂಗೂ ಫೋನಿನ್ಯಾಗ ಕನ್ನಡ ಒತ್ತಾಕ ಕಲತೀದಿ. ಅದನ್ನೆಲ್ಲಾ ಬರೆದು ಕಳಸು” ಎಂದಳು. ಕಲಿತದ್ದು ಖರೆ. ಒಂದೇ ಬೆರಳು, ಅದೂ ರೊಟ್ಟಿ ಬಡಿದು ಬಡಿದು ಚಪ್ಪಟೆಯಾದ ಬೆರಳು. ಒಂದು ಅಕ್ಷರ ಒತ್ತಿದರೆ ಪಕ್ಕದ ಎರಡು ತಾವಾಗಿಯೇ ಎದ್ದು ಬರುತ್ತವೆ. ಲಕ್ಷ್ಮೇಶ್ವರ ಎಂದು ಒತ್ತುವಷ್ಟರಲ್ಲಿ ಕಪ್ಪಿನ ಚಹಾ ಆರಿರುತ್ತದೆ. ಆದರೂ ಬರೆಯುತ್ತೇನೆ. ಬರೆದರೆ ಕಿವಿ ತಣ್ಣಗಾದಾವೇನೋ ನೋಡೋಣ.

ನಾನು ಹುಟ್ಟಿದ್ದು ಗದಗಿನಲ್ಲಿ. ಈಗ ಗದಗಿನಲ್ಲಿ ಬಸ್ಸು ಹತ್ತಿ ಒಂದು ನಿದ್ದೆ ತೆಗೆದರೆ ಲಕ್ಷ್ಮೇಶ್ವರ. ಆಗ ಹಾಗಿರಲಿಲ್ಲ. ಗದಗು ಇಂಗ್ರೇಜರದು. ಲಕ್ಷ್ಮೇಶ್ವರ ಒಬ್ಬ ರಾಜರ ಸಂಸ್ಥಾನಕ್ಕೆ ಸೇರಿದ್ದು, ಪಕ್ಕದ ಶಿರಹಟ್ಟಿ ಇನ್ನೊಬ್ಬ ರಾಜರದು, ಆಚೆ ಮುಂಡರಗಿ ಮತ್ತೆ ಇಂಗ್ರೇಜರದು. ಒಂದು ಎಮ್ಮೆ ಹಗ್ಗ ಹರಿದುಕೊಂಡು ಓಡಿದರೆ ಎರಡು ರಾಜ್ಯದಲ್ಲಿ ಮೇಯ್ದು ಸಂಜೆಗೆ ಮನೆಗೆ ಬರುತ್ತಿತ್ತು. ಎಮ್ಮೆಗೆ ಯಾರೂ ಜಕಾತಿ ಕೇಳುತ್ತಿರಲಿಲ್ಲ. ನಮ್ಮನ್ನು ಕೇಳುತ್ತಿದ್ದರು.

ಅಪ್ಪನದು ಗದಗಿನಲ್ಲಿ ಅರಳೆಯ ಅಡತಿ ಅಂಗಡಿ. ಅವ್ವನಿಗೆ ಒಲೆಯ ಹೊಗೆ ಆಗುತ್ತಿರಲಿಲ್ಲ. ಊದುಗೊಳವಿ ಹಿಡಿದು ಊದಿ ಊದಿ ಅವಳ ಕಣ್ಣು ಯಾವಾಗಲೂ ಕೆಂಪಾಗಿ ನೀರು ಸುರಿಸುತ್ತಿದ್ದವು. ಅಪ್ಪ ಒಮ್ಮೆ ವ್ಯಾಪಾರಕ್ಕೆಂದು ಮುಂಬಯಿಗೆ ಹೋದವನು ಒಂದು ಕರೆಂಟಿನ ಶೆಗಡಿ ತಂದ. ಗುಂಡಗಿನ ಕಬ್ಬಿಣದ ತಟ್ಟೆ, ಕೆಳಗೆ ಮೂರು ಕಾಲು, ಹಿಂದೆ ಬಟ್ಟೆ ಸುತ್ತಿದ ಉದ್ದನೆಯ ವಾಯರು. ಕೆಂಡವಿಲ್ಲ, ಬೂದಿಯಿಲ್ಲ. ಅದರ ಮೇಲೆ ಹಾಲಿಟ್ಟು ಸೆರಗು ಸರಿಮಾಡಿಕೊಳ್ಳುವುದರೊಳಗೆ ಉಕ್ಕುತ್ತಿದ್ದವು. ಅವ್ವನ ಕಣ್ಣು ಬೆಳ್ಳಗಾದವು. ನನ್ನ ಮದುವೆ ಗೊತ್ತಾದಾಗ ಅಪ್ಪ ಅಂಥದೇ ಇನ್ನೊಂದು ತರಿಸಿದ.

ಗಂಡಿನ ಮನೆಯವರಿಗೆ ಲಕ್ಷ್ಮೇಶ್ವರದಲ್ಲಿ ಅರಳೆಯಿಂದ ಬೀಜ ಬಿಡಿಸುವ ಗಿರಣಿ, ಜಿನ್ನು, ಇತ್ತು. ಮಾತುಕತೆಯಲ್ಲಿ ಅಪ್ಪ ಕೇಳಿದ್ದು ಒಂದೇ.

“ಬೀಗರ, ನಿಮ್ಮ ಮನ್ಯಾಗ ಕರೆಂಟ ಐತಲ್ರಿ?”

“ಇಲ್ಲೇನ್ರಿ? ನಮ್ಮ ಜಿನ್ನಿಂದ ಐತಿ” ಎಂದರು ಮಾವ.

ಅಷ್ಟೇ. ನೀರು ಎಲ್ಲಿದ್ದರೂ ನೀರು, ಕರೆಂಟು ಎಲ್ಲಿದ್ದರೂ ಕರೆಂಟು ಎಂದು ಇಬ್ಬರೂ ತಿಳಿದರು. ಜಿನ್ನಿನ ಎಂಜಿನ್ನಿಗೆ ಕಟ್ಟಿದ್ದ ಡೈನಮೋ ಗದಗಿನ ಕರೆಂಟಿನ ಅರ್ಧದಷ್ಟೂ ಕೊಡುವುದಿಲ್ಲ, ಮನೆಯ ಬಲ್ಬುಗಳು ಅದಕ್ಕೆಂದೇ ಬೇರೆಯಾಗಿ ತರಿಸಿದಂಥವು ಎನ್ನುವುದು ನಮ್ಮಲ್ಲಿ ಯಾರಿಗೆ ಗೊತ್ತು? ಬೀಗರಿಗಾದರೂ ಶೆಗಡಿಗೆ ಎಷ್ಟು ಬೇಕೆಂದು ಗೊತ್ತಿರಲಿಲ್ಲ. ಮದುವೆಯ ಮಂಟಪದಲ್ಲಿ ಎರಡೂ ಕಡೆಯ ಮಂದಿಯ ನಡುವೆ ನಿಂತು ಅಪ್ಪ ದೊಡ್ಡ ದನಿಯಲ್ಲಿ ಹೇಳಿಬಿಟ್ಟ.

“ನಮ್ಮ ಹುಡುಗಿ ಒಲಿ ಊದಂಗಿಲ್ರಿ. ಅಕಿ ಶೆಗಡಿ ಅಕಿ ಜೋಡಿ ಬರತೈತಿ.”

ಬೀಗರ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಬಾಸಿಂಗದ ಕೆಳಗೆ ಬೀಗುತ್ತಿದ್ದೆ.

ಮದುವೆ ಮುಗಿಸಿ ಲಕ್ಷ್ಮೇಶ್ವರಕ್ಕೆ ಹೊರಟಾಗ ಸಂಸ್ಥಾನದ ಗಡಿಯಲ್ಲಿ ಜಕಾತಿ ನಾಕಾದವನು ನಮ್ಮ ಬಸ್ಸು ನಿಲ್ಲಿಸಿದ. ಟ್ರಂಕು ತೆಗೆಸಿ ಶೆಗಡಿಯನ್ನು ಎತ್ತಿ ತಿರುಗಿಸಿ ನೋಡಿದ.

“ಇದೇನ್ರಿ ಸಾವಕಾರ?”

“ಶೆಗಡಿ” ಎಂದ ಅಪ್ಪ.

“ಕೆಂಡ ಎಲ್ಲೆ ಹಾಕೂದು?”

“ಕೆಂಡ ಬೇಕಿಲ್ಲೋ ಮಾರಾಯ. ಕರೆಂಟಿಂದು.”

ನಾಕಾದವನು ತಲೆ ಕೆರೆದುಕೊಂಡ. “ಪಾತ್ರಿ ಅಂತ ಜಕಾತಿ ಹಾಕಲ್ಯೋ, ದೀಪ ಅಂತ ಹಾಕಲ್ಯೋ? ಹೋಗ್ರಿ, ಹೋಗ್ರಿ. ಮದುವಿ ಹೆಣ್ಣು ಕುಂತೈತಿ.” ಆಗ ನನಗೆ ಅನಿಸಿದ್ದು, ಈ ಪರರಾಜ್ಯದವರು ಏನೂ ಅರಿಯದ ಮಂದಿ, ಪಾಪ.

ನಮ್ಮವರಲ್ಲಿ ಒಂದು ರೂಢಿ. ಸೊಸೆ ಮನೆ ತುಂಬಿದ ಮರುದಿನ ಮುಂಜಾನೆ ಹೊಸ ಪಾತ್ರೆಯಲ್ಲಿ ಹಾಲು ಕಾಸಿ ಉಕ್ಕಿಸಬೇಕು. ಓಣಿಯ ಮುತ್ತೈದೆಯರು ಬಂದು ಸುತ್ತ ಕುಳಿತು ಸೋಬಾನ ಹಾಡುತ್ತಾರೆ. ಹಾಡು ಮುಗಿಯುವುದರೊಳಗೆ ಹಾಲು ಉಕ್ಕಬೇಕು. ಯಾವ ದಿಕ್ಕಿಗೆ ಉಕ್ಕಿತು ಎಂದು ನೋಡುತ್ತಾರೆ. ಪೂರ್ವಕ್ಕಾದರೆ ಸೊಸೆಯ ಕಾಲ್ಗುಣ ಬಹಳ ಒಳ್ಳೆಯದು. ಆ ಹಾಲನ್ನೇ ದೇವರಿಗೆ ತೋರಿಸಿ ಎಲ್ಲರ ಕೈಗೂ ಹಾಕುತ್ತಾರೆ. ಅದಾದ ಮೇಲೆಯೇ ಆಕೆ ಆ ಮನೆಯ ಸೊಸೆ.

ಅತ್ತೆ ನಸುಕಿನಲ್ಲೇ ಎದ್ದು ಒಲೆ ಸಾರಿಸಿ, ಅರಿಸಿನ ಕುಂಕುಮ ಇಟ್ಟು, ಒಣ ಕಟ್ಟಿಗೆ ಜೋಡಿಸಿ ಇಟ್ಟಿದ್ದರು. ನಾನು ಬಾಗಿಲಲ್ಲಿ ನಿಂತು ಹೇಳಿದೆ.

“ಒಲಿ ಬ್ಯಾಡ್ರಿ ಅತ್ತಿ. ನನ್ನ ಶೆಗಡಿ ಐತಲ್ರಿ.”

ಅತ್ತೆ ಒಲೆಯನ್ನೂ ನನ್ನನ್ನೂ ನೋಡಿದರು. “ಆತು ಬಿಡವಾ. ನಿಮ್ಮಪ್ಪ ಮಂಟಪದಾಗ ಹೇಳ್ಯಾನಲ್ಲ” ಎಂದರು.

ವಾಯರನ್ನು ಸಿಕ್ಕಿಸುವ ಜಾಗ ಇದ್ದದ್ದು ಪಡಸಾಲೆಯ ಬಲ್ಬಿನ ಜೋಡಿ ಹೋಲ್ಡರಿನಲ್ಲಿ ಮಾತ್ರ. ಹಾಗಾಗಿ ಶೆಗಡಿಯನ್ನು ಪಡಸಾಲೆಯ ನಟ್ಟನಡುವೆ ಇಟ್ಟೆವು. ಓಣಿಯ ಹೆಂಗಸರೆಲ್ಲ ಸುತ್ತ ಕುಳಿತರು. ಮುಂದಿನ ಸಾಲಿನಲ್ಲಿ ಎದುರು ಮನೆಯ ಅಜ್ಜಿ. ಆಕೆ ಆಡಿದ ಮಾತು ಸಂಜೆಗೆ ಇಡೀ ಊರಿನ ಬಾಯಲ್ಲಿ ಇರುತ್ತಿತ್ತು. ಜಿನ್ನು ಗಡಗಡ ಓಡುತ್ತಿತ್ತು. ಅರಳೆಯ ದಿನಗಳು ಮುಗಿಯುತ್ತ ಬಂದ ಬೇಸಿಗೆ. ನಾನು ಹಿತ್ತಾಳೆಯ ಹೊಸ ತಪೇಲಿಯಲ್ಲಿ ಹಾಲು ಸುರಿದು ಶೆಗಡಿಯ ಮೇಲಿಟ್ಟೆ. ಗದಗಿನವಳಂತೆ ಎದೆಯುಬ್ಬಿಸಿ ಹಿಂದೆ ಸರಿದು ನಿಂತೆ.

ಮೊದಲನೆಯ ಹಾಡು ಮುಗಿಯಿತು. ಎರಡನೆಯದು ಮುಗಿಯಿತು. ಹಾಲು ಹುಣ್ಣಿಮೆ ಚಂದ್ರನ ಹಾಗೆ ಬೆಳ್ಳಗೆ, ಸುಮ್ಮನೆ.

“ಹಾಲು ನಾಚ್ಯಾವ” ಎಂದಳು ಯಾರೋ.

“ಇನ್ನೊಂದು ಹಾಡ್ರೆವಾ, ನಾಚಿಕಿ ಬಿಡಲಿ.”

ಹಾಡಿದರು. ಸೋಬಾನದ ಹಾಡೆಲ್ಲ ಮುಗಿದವು. ಬೀಸುವ ಪದ ತೆಗೆದರು, ಅವೂ ಮುಗಿದವು. ಕೊನೆಗೆ ಒಬ್ಬಾಕೆ ತೊಟ್ಟಿಲ ಪದ ಎತ್ತಿದಾಗ ಎದುರು ಮನೆಯ ಅಜ್ಜಿ ಕೈ ಎತ್ತಿ ನಿಲ್ಲಿಸಿದಳು. “ತಡೀರೇ. ಈ ಹಾಲು ಉಕ್ಕೂದ್ರಾಗ ಇಕಿ ಹಡದ ಹಡೀತಾಳ, ಆಗ ಹಾಡೂಣಂತ.”

ಎಲ್ಲರೂ ನಕ್ಕರು. ಅಜ್ಜಿ ಮುಂದೆ ಸರಿದು ಹಾಲಿನಲ್ಲಿ ಬೆರಳಿನ ತುದಿ ಅದ್ದಿದಳು. “ಕೂಸಿಗೆ ಎರಿಯಾಕ ಹದ ಆಗ್ಯಾವ ನೋಡ” ಎಂದಳು.

ಅತ್ತೆ ನನ್ನ ಕಿವಿಯ ಹತ್ತಿರ ಬಂದರು. “ಒಲಿ ಹೊತ್ತಸಲೇನವಾ? ಇನ್ನೂ ಹೊತ್ತು ಐತಿ.”

ಆಗ ಹೂಂ ಎಂದಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಅಪ್ಪನ ಮಾತು ನನ್ನ ತಲೆಯ ಮೇಲೆ ತುಂಬಿದ ಕೊಡದಂತೆ ಕುಳಿತಿತ್ತು. ಕತ್ತು ಅಲುಗಿಸಿದರೆ ಚೆಲ್ಲೀತು.

“ಬ್ಯಾಡ್ರಿ ಅತ್ತಿ. ಗದಗಿನ್ಯಾಗ ಇದರ ಮ್ಯಾಲೆ ಕಣ್ಣ ಮುಚ್ಚಿ ತಗಿಯೂದ್ರಾಗ ಉಕ್ಕತಾವ್ರಿ. ಈಗ ಉಕ್ಕತಾವ ನೋಡ್ರಿ.”

ಎಲ್ಲರೂ ನೋಡಿದರು. ಕಣ್ಣು ಮುಚ್ಚಿ ತೆಗೆದರು, ಮತ್ತೆ ಮುಚ್ಚಿದರು. ಒಬ್ಬಿಬ್ಬರು ಮುಚ್ಚಿದ ಕಣ್ಣು ತೆಗೆಯದೆ ಗೋಡೆಗೆ ಒರಗಿ ಗೊರಕೆ ಹೊಡೆದರು. ಕೂಸುಗಳು ಅಳತೊಡಗಿದವು. ರೊಟ್ಟಿ ಬಡಿಯುವ ಹೊತ್ತಾಯಿತು, ಗಂಡಸರು ಉಣ್ಣಲು ಬರುವ ಹೊತ್ತಾಯಿತು. ಮಧ್ಯಾಹ್ನದ ಊಟಕ್ಕೆಂದು ಜಿನ್ನಿನ ಎಂಜಿನ್ನು ನಿಂತಿತು. ಅದರೊಂದಿಗೆ ಕರೆಂಟೂ ಹೋಯಿತು. ಎಂಜಿನ್ನಿನ ಸದ್ದು ನಿಂತ ಮೇಲೆ ಪಡಸಾಲೆಯಲ್ಲಿ ಎಷ್ಟು ನಿಶ್ಶಬ್ದವಾಯಿತೆಂದರೆ, ನನ್ನ ಬಳೆ ಅಲುಗಿದ ಸದ್ದಿಗೆ ಎಲ್ಲರೂ ನನ್ನ ಕಡೆ ತಿರುಗಿದರು.

ಅತ್ತೆ ತಪೇಲಿ ಎತ್ತಿಕೊಂಡು ಒಳಗೆ ಹೋದರು. ಒಲೆ ಹೊತ್ತಿಸಿದರು. ಬೇಸಿಗೆಯ ದಿನ, ಮುಂಜಾನೆಯಿಂದ ಬೆಚ್ಚಗೆ ಕುಳಿತ ಹಾಲು. ಉರಿ ತಾಗಿದ್ದೇ ತಡ, ಉಕ್ಕುವ ಬದಲು ಒಡೆದು ಹೋದವು. ಬಿಳಿ ಗಡ್ಡೆ ಒಂದು ಕಡೆ, ಹಸಿರು ನೀರು ಒಂದು ಕಡೆ.

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಎದುರು ಮನೆಯ ಅಜ್ಜಿಯೂ ಬಾಯಿ ತೆರೆಯಲಿಲ್ಲ. ಆಕೆ ನಕ್ಕಿದ್ದರೆ ನನಗೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಆಕೆ ಅತ್ತೆಯ ಭುಜ ಮುಟ್ಟಿ, ಸತ್ತ ಮನೆಯಿಂದ ಹೋಗುವವರ ಹಾಗೆ ಹೇಳದೆ ಹೋದಳು.

ಮರುದಿನದಿಂದ ಒಲೆ ಊದುವುದನ್ನು ಕಲಿತೆ. ಶೆಗಡಿ ಪಡಸಾಲೆಯ ಮೂಲೆಗೆ ಹೋಯಿತು, ಅದರ ವಾಯರು ಮಾತ್ರ ಹೋಲ್ಡರಿನಲ್ಲೇ ಉಳಿಯಿತು. ಅರಳೆಯ ದಿನಗಳು ಮುಗಿದ ಮೇಲೆ ಎಂಜಿನ್ನು ಸಂಜೆ ದೀಪಕ್ಕೆಂದು ಸ್ವಲ್ಪ ಹೊತ್ತು ಮಾತ್ರ ಓಡುತ್ತಿತ್ತು. ಆ ಹೊತ್ತಿನಲ್ಲಿ ಮನೆಯ ಬೆಕ್ಕು ಬಂದು ಶೆಗಡಿಯ ತಟ್ಟೆಯ ಮೇಲೆ ಮುದುಡಿಕೊಂಡು ಮಲಗುತ್ತಿತ್ತು. ಲಕ್ಷ್ಮೇಶ್ವರದಲ್ಲಿ ನನ್ನ ಅಪ್ಪನ ಉಡುಗೊರೆಯ ಬೆಲೆ ತಿಳಿದದ್ದು ಆ ಬೆಕ್ಕಿಗೆ ಮಾತ್ರ.

ಆ ಮಳೆಗಾಲದಲ್ಲಿ ಸ್ವಾತಂತ್ರ್ಯ ಬಂತು. ಗದಗಿಗೆ ಬಂತು. ನಮ್ಮದು ಸಂಸ್ಥಾನ, ಅದು ಇನ್ನೂ ನಾಕಾ ದಾಟಿ ಬಂದಿರಲಿಲ್ಲ. ಕೆಲವು ದಿನಗಳಲ್ಲೇ ಪಂಚಮಿ ಹಬ್ಬ. ನನ್ನನ್ನು ತವರಿಗೆ ಕರೆದೊಯ್ಯಲು ಅಪ್ಪ ಬಂದ, ಕೋಟಿನ ಮೇಲೆ ಕಾಗದದ ಸಣ್ಣ ಬಾವುಟ ಚುಚ್ಚಿಕೊಂಡು. ದೀಪ ಹತ್ತಿದ ಹೊತ್ತು. ಪಡಸಾಲೆಯಲ್ಲಿ ಕುಳಿತವನೇ ಕೇಳಿದ.

“ಏನವಾ, ಶೆಗಡಿ ಹ್ಯಾಂಗ ನಡದೈತಿ?”

ನಾನು ಮೂಲೆಯ ಕಡೆ ನೋಡಿದೆ. ಬೆಕ್ಕು ಕಾಲು ಚಾಚಿ ಮಗ್ಗುಲು ಬದಲಿಸಿತು. ಒಳಗಿನಿಂದ ಅತ್ತೆ ಹೇಳಿದರು.

“ಚಲೋ ನಡದೈತ್ರಿ ಬೀಗರ. ಹಾಲು ಬೆಚ್ಚಗ ಇಡಾಕ ಅಂಥದು ಇನ್ನೊಂದಿಲ್ಲ. ಬೆಕ್ಕಿಗೂ ಭಾಳ ಹಿಡಿಸೈತಿ.”

ಅಪ್ಪ ಎದ್ದು ಹೋದ. ಬೆಕ್ಕನ್ನು ಸರಿಸಿ ತಟ್ಟೆಯ ಮೇಲೆ ಅಂಗೈ ಇಟ್ಟ. ಇಟ್ಟವನು ತೆಗೆಯಲಿಲ್ಲ. ಉರಿಯುವ ಶೆಗಡಿಯ ಮೇಲೆ ಅಂಗೈ ಇಟ್ಟು ನಿಂತವನನ್ನು ನೀವು ನೋಡಿರಲಿಕ್ಕಿಲ್ಲ. ಹಾಗೇ ನಿಂತು ನನ್ನ ಕಣ್ಣು ನೋಡಿದ. ಅವು ಒಲೆ ಊದುತ್ತಿದ್ದಾಗಿನ ಅವ್ವನ ಕಣ್ಣಿನ ಹಾಗೆ ಕೆಂಪಾಗಿದ್ದವು.

“ಇದನ್ನ ನಾ ಹೊಳ್ಳಿ ಒಯ್ಯತೀನ್ರಿ” ಎಂದ, ಯಾರ ಮುಖವನ್ನೂ ನೋಡದೆ.

ಅತ್ತೆ ಹೊರಗೆ ಬಂದರು. “ಮಗಳಿಗೆ ಕೊಟ್ಟದ್ದ ಹೊಳ್ಳಿ ಒಯ್ದರ ಮಂದಿ ಏನಂದಾರ್ರಿ? ಇರಲಿ ಬಿಡ್ರಿ.”

ಮರುದಿನ ಅಪ್ಪ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದ, ನಾಕಾ ದಾಟಿದೆವು. ಆಮೇಲೆ, “ಮಂಟಪದಾಗ ನಾ ಅಷ್ಟ ದೊಡ್ಡ ಮಾತ ಆಡಬಾರದಿತ್ತವಾ” ಎಂದ.

“ಬೆಕ್ಕಿಗರೆ ಸುಖ ಆಗೈತಲ್ಲ ಅಪ್ಪಾ” ಎಂದೆ. ನನ್ನ ಇಂಥ ಮಾತಿಗೆ ಯಾವಾಗಲೂ ನಗುವವನು ಅಂದು ನಗಲಿಲ್ಲ. ಕೋಟಿನ ಬಾವುಟ ಸರಿಮಾಡಿಕೊಂಡು ಕಿಟಕಿಯ ಹೊರಗೆ ನೋಡಿದ.

ಮುಂದಿನ ಬೇಸಿಗೆ ಬರುವುದರೊಳಗೆ ಸಂಸ್ಥಾನವೂ ಮುಂಬಯಿ ರಾಜ್ಯದಲ್ಲಿ ಸೇರಿ ಹೋಯಿತು. ನಾಕಾ ಕಿತ್ತರು. ಎದುರು ಮನೆಯ ಅಜ್ಜಿಗೆ ಅಲ್ಲಿಯವರೆಗೆ ತಡೆದಿಟ್ಟ ಮಾತು ಈಗ ಬಾಯಿಗೆ ಬಂತು. ನಮ್ಮ ಕಟ್ಟೆಯ ಮೇಲೆ ಕುಳಿತು, ನಾನು ಕೇಳಲಿ ಎಂದೇ, ಅತ್ತೆಗೆ ಹೇಳಿದಳು.

“ನೋಡವಾ, ನಿನ್ನ ಸೊಸಿ ಕಾಲಿಟ್ಟಳು. ಮೊದಲ ಇಂಗ್ರೇಜರು ಹೋದರು. ಆಮ್ಯಾಲ ನಮ್ಮ ರಾಜಾಸಾಹೇಬ್ರು ಹೋದರು. ಇನ್ನ ಯಾರ ಉಳದಾರ ಹೇಳ?”

ನಮ್ಮ ಮನೆಯವರು ಒಳಗೆ ಬಂದು ನನಗೆ ಸಮಾಧಾನ ಹೇಳಿದರು. “ಅಳತಿ ಯಾಕ? ಇಂಗ್ರೇಜರನ್ನ ಓಡಿಸಿದಾಕಿ ಅಂತ ನಿನಗ ಮೆಡಲ್ ಕೊಡಬೇಕು.” ಅದು ಸಮಾಧಾನವೋ ಚೇಷ್ಟೆಯೋ ನನಗೆ ಇಂದಿಗೂ ಗೊತ್ತಾಗಿಲ್ಲ.

ಮಾತು ತಡೆದುಕೊಳ್ಳಬಹುದು. ತಡೆಯಲಾಗದ್ದು ಬೇರೆ ಇತ್ತು. ಪ್ರತಿ ವರ್ಷ ಹೊಸ ಅರಳೆ ಬಂದಾಗ ಜಿನ್ನು ಶುರು ಮಾಡುವ ಪೂಜೆ. ಮನೆಯ ಹಿರಿಯ ಸೊಸೆ ತುಂಬಿದ ಕೊಡ ಹೊತ್ತು ಮನೆಯಿಂದ ಜಿನ್ನಿನ ತನಕ ನಡೆಯಬೇಕು, ಆ ನೀರು ಎಂಜಿನ್ನಿನ ಮುಂದೆ ಚಿಮುಕಿಸಿದ ಮೇಲೆಯೇ ಮೊದಲ ಬುಟ್ಟಿ ಅರಳೆ ಹಾಕುವುದು. ಹಿರಿಯ ಸೊಸೆ ನಾನು. ಕಿರಿಯರು ಯಾರೂ ಇರಲೇ ಇಲ್ಲ. ಮೊದಲ ವರ್ಷ ನಾನು ಸೆರಗು ಕಟ್ಟಿ ಕೊಡಕ್ಕೆ ಕೈ ಚಾಚಿದೆ. ಅತ್ತೆ ಮೆಲ್ಲಗೆ ಹೇಳಿದರು.

“ಈ ವರ್ಷ ನಾನ ಹೊರತೀನವಾ.”

ಮರುವರ್ಷವೂ “ಈ ವರ್ಷ ನಾನ ಹೊರತೀನಿ” ಎಂದರು. ಅದರ ಮರುವರ್ಷವೂ. ಒಂದು ದಿನವೂ ನನ್ನನ್ನು ಬೈದವರಲ್ಲ. ಹಾಲು ಒಡೆದದ್ದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ನಾನು ಬಾಣಂತಿಯಾದಾಗ ತಾವೇ ನೀರು ಎರೆದರು. ಆದರೆ ಕೊಡ ಮಾತ್ರ ಕೊಡಲಿಲ್ಲ. ನಾನು ಹಿಂದೆ ಹಿಂದೆ ಅರಿಸಿನ ಕುಂಕುಮದ ತಟ್ಟೆ ಹಿಡಿದು ನಡೆಯುತ್ತಿದ್ದೆ. ಕಟ್ಟೆಗಳ ಮೇಲೆ ನಿಂತ ಓಣಿಯ ಹೆಂಗಸರು ಮೊದಲು ಕೊಡ ನೋಡುತ್ತಿದ್ದರು, ಆಮೇಲೆ ನನ್ನ ಖಾಲಿ ಸೊಂಟ. ಅತ್ತೆಗೂ ವಯಸ್ಸಾಗುತ್ತಿತ್ತು. ವರ್ಷ ವರ್ಷ ಆ ಕೊಡ ಹೆಚ್ಚು ತುಳುಕುತ್ತಿತ್ತು.

ಶೆಗಡಿ ಮಾತ್ರ ಮನೆಯಲ್ಲಿ ತನ್ನ ಕೆಲಸ ಹುಡುಕಿಕೊಂಡಿತು. ಕರೆಂಟು ಇದ್ದಾಗ ಹಾಲಿನ ತಪೇಲಿ ಅದರ ಮೇಲೆ. ಬೆಚ್ಚಗಿನ ಹಾಲಿಗೆ ಅತ್ತೆ ಆಮೇಲೆ ಹೆಪ್ಪು ಹಾಕುತ್ತಿದ್ದರು. ಚಳಿಯಲ್ಲೂ ನಮ್ಮ ಮನೆಯ ಮೊಸರು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ. ಪಕ್ಕದೂರು ಶಿಗ್ಲಿಯಿಂದ ಬಂದ ನೆಂಟರು ಕೂಡ ಒಯ್ಯುತ್ತಿದ್ದರು. “ಗದಗಿನ ಸೊಸಿ ಮೊಸರು” ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿದಾಗಲೂ ನಾನು ಒಳಗೆ ಹೋಗಿಬಿಡುತ್ತಿದ್ದೆ. ಉಕ್ಕಿಸಲು ತಂದ ಶೆಗಡಿ ಮೊಸರಿಗೆ ಬಿತ್ತು ಎಂದೇ ನನಗೆ ಕೇಳುತ್ತಿತ್ತು.

ಕೊನೆಗೆ ಕನ್ನಡದವರೆಲ್ಲ ಒಂದೇ ರಾಜ್ಯವಾದೆವು. ಪೇಡೆ ಹಂಚಿದರು, ಮೆರವಣಿಗೆ ಹೋಯಿತು. “ಈಗ ಗದಗೂ ನಾವೂ ಒಂದ ಮನಿ ಆದ್ವಿ” ಎಂದು ಮಾವ ಹೇಳಿದರು. ಅದಾದ ಮೇಲೆ ಸ್ವಲ್ಪ ದಿನಕ್ಕೆ ನಮ್ಮ ಓಣಿಗೆ ಕಂಬಗಳು ಬಂದವು. ಗದಗಿನಲ್ಲಿ ಇದ್ದಂಥದೇ ಕರೆಂಟು ಈಗ ನಮ್ಮ ಮನೆಗೂ. ಡೈನಮೋದ ವಾಯರು ಕಿತ್ತು ಹೊಸದನ್ನು ಜೋಡಿಸಿದರು. ಹಳೆಯ ಬಲ್ಬು ಹಾಕಿದರೆ ಪಟ್ಟನೆ ಒಡೆಯುತ್ತವೆಂದು ನಮ್ಮ ಮನೆಯವರು ಏಣಿ ಹತ್ತಿ ಒಂದೊಂದಾಗಿ ಎಲ್ಲ ಬಲ್ಬು ಬದಲಿಸಿದರು. ಶೆಗಡಿಯ ನೆನಪು ಯಾರಿಗೂ ಆಗಲಿಲ್ಲ. ಹೇಗೆ ಆದೀತು? ಅದು ಶೆಗಡಿ ಎನ್ನುವುದನ್ನೇ ಮನೆಯವರೆಲ್ಲ ಮರೆತಿದ್ದರು. ನಾನೂ ಕೂಡ. ಅದು ಹಾಲಿಡುವ ಜಾಗ, ಬೆಕ್ಕು ಮಲಗುವ ಜಾಗ.

ಆ ಮಧ್ಯಾಹ್ನ ಅತ್ತೆ ಎಂದಿನ ಹಾಗೆ ಹಾಲಿನ ತಪೇಲಿಯನ್ನು ಅದರ ಮೇಲಿಟ್ಟು, ವಾಯರು ಸಿಕ್ಕಿಸಿ, ಕಟ್ಟೆಯ ಮೇಲೆ ಜೋಳ ಹಸನು ಮಾಡಲು ಕುಳಿತರು. ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಮೊದಲು ಬಂದದ್ದು ವಾಸನೆ. ಆಮೇಲೆ ಅತ್ತೆಯ ಕೂಗು.

“ಯವ್ವಾ! ಹಾಲು!”

ಓಡಿ ಬಂದೆ. ತಪೇಲಿಯ ಬಾಯಿಂದ ನೊರೆ ಎದ್ದು, ಅಂಚು ದಾಟಿ, ಶೆಗಡಿಯ ಮೇಲೆ ಚುಂಯ್ ಎಂದು ಬಿದ್ದು, ನೆಲದ ಮೇಲೆ ಹರಿಯುತ್ತಿತ್ತು. ನಾನು ವಾಯರು ಕೀಳಲು ಕೈ ಚಾಚಿದೆ. ಅತ್ತೆ ನನ್ನ ರಟ್ಟೆ ಹಿಡಿದರು.

“ತಗೀಬ್ಯಾಡ! ಉಕ್ಕಲಿ!”

“ಹಾಲೆಲ್ಲಾ ಹೋದಾವ್ರಿ ಅತ್ತಿ!”

“ಹೋಗ್ಲಿ ಬಿಡವಾ! ಇನ್ನಷ್ಟ ಉಕ್ಕಲಿ!”

ಅತ್ತೆ ನನ್ನ ರಟ್ಟೆ ಬಿಡದೆಯೇ ಬಾಗಿಲ ತನಕ ಎಳೆದುಕೊಂಡು ಹೋಗಿ, ಓಣಿಗೆಲ್ಲ ಕೇಳುವ ಹಾಗೆ ಕೂಗಿದರು.

“ಬರ್ರೆವಾ! ನಮ್ಮ ಸೊಸಿ ಹಾಲು ಉಕ್ಕ್ಯಾವ! ಬರ್ರೇ!”

ನಾನಾಗ ಎರಡು ಮಕ್ಕಳ ತಾಯಿ. ಸೀರೆ ಮೊಣಕಾಲ ತನಕ ಎತ್ತಿ ಕಟ್ಟಿದ್ದೆ, ಕೈಯಲ್ಲಿ ಸೋಪಿನ ನೊರೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅತ್ತೆ ನನ್ನ ರಟ್ಟೆ ಇನ್ನೂ ಬಿಟ್ಟಿರಲಿಲ್ಲ. ಇಷ್ಟು ವರ್ಷ ನಾನೊಬ್ಬಳೇ ಆ ಹಾಲಿನ ಮುಂದೆ ನಿಂತಿದ್ದೇನೆ ಎಂದುಕೊಂಡಿದ್ದೆ. ಅತ್ತೆಯೂ ನನ್ನ ಪಕ್ಕದಲ್ಲೇ ನಿಂತು ಕಾಯುತ್ತಿದ್ದರು ಎಂದು ಆಗ ತಿಳಿಯಿತು. ಆವರೆಗಿನ ನಾಚಿಕೆಗಿಂತ ಅದು ಹೆಚ್ಚು ಚುಚ್ಚಿತು.

ಎದುರು ಮನೆಯ ಅಜ್ಜಿಗೆ ಆಗ ಕೋಲು ಬಂದಿತ್ತು. ಕುಂಟುತ್ತ ಬಂದು ಹೊಸ್ತಿಲ ಮೇಲೆ ನಿಂತ ಅಜ್ಜಿಯ ಹಿಂದೆ ಇನ್ನಷ್ಟು ಹೆಂಗಸರು ಸೇರಿದರು. ಅಷ್ಟರಲ್ಲಿ ನಾನು ವಾಯರು ಕಿತ್ತಿದ್ದೆ.

“ಯಾವ ದಿಕ್ಕಿಗೆ ಉಕ್ಕಿದ್ವು?” ಎಂದಳು ಅಜ್ಜಿ.

“ಪೂರ್ವಕ್ಕ” ಎಂದರು ಅತ್ತೆ, ಉಸಿರು ತೆಗೆದುಕೊಳ್ಳದೆ.

ನಮ್ಮ ಪಡಸಾಲೆಯ ನೆಲದ ಇಳಿಜಾರು ಪಶ್ಚಿಮಕ್ಕೆ. ಹಾಲಿನ ಹರಿವು ನೆಟ್ಟಗೆ ಬಚ್ಚಲ ಕಡೆ ಹೊರಟಿತ್ತು. ಅದರ ತುದಿಯಲ್ಲಿ ಹಳೆಯ ಬೆಕ್ಕಿನ ಮೊಮ್ಮಗಳು ಕುಳಿತು ಚಪ್ಪರಿಸಿ ನೆಕ್ಕುತ್ತಿತ್ತು. ಅತ್ತೆ ಸುಳ್ಳು ಹೇಳಿದ್ದನ್ನು ಅಲ್ಲಿಯ ತನಕ ನಾನು ಕೇಳಿರಲಿಲ್ಲ. ಅಜ್ಜಿ ಹಾಲು ನೋಡಿದಳು, ಬೆಕ್ಕು ನೋಡಿದಳು, ಅತ್ತೆಯ ಮುಖ ನೋಡಿದಳು. ನಾನು ನೆಲ ನೋಡುತ್ತಿದ್ದೆ.

“ಹೌದವಾ” ಎಂದಳು ಅಜ್ಜಿ. “ಪೂರ್ವಕ್ಕ ಉಕ್ಕ್ಯಾವ. ಆಮ್ಯಾಲ ಹೊಳ್ಳ್ಯಾವ.”

“ಹಾಂಗಾರ ಒಂದು ಸೋಬಾನ ಹಾಡ್ರಿ” ಎಂದರು ಅತ್ತೆ.

“ಎಲ್ಲಿಂದ ಹಾಡಲೇ? ಅವತ್ತ ಎಲ್ಲಾ ಹಾಡಿ ಮುಗಿಸೀವಲ್ಲ” ಎಂದಳು ಅಜ್ಜಿ. ಆದರೂ ಒಡಕು ದನಿಯಲ್ಲಿ ಒಂದು ಎತ್ತಿದಳು. ತಪೇಲಿಯ ತಳದಲ್ಲಿ ಉಳಿದಿದ್ದ ಹಾಲನ್ನು ಅತ್ತೆ ದೇವರಿಗೆ ತೋರಿಸಿ ಒಬ್ಬೊಬ್ಬರ ಕೈಗೆ ಹಾಕಿದರು. ಸೀದ ವಾಸನೆ ಹೊಡೆಯುತ್ತಿತ್ತು. ಯಾರೂ ಮುಖ ಕಿವಿಚಲಿಲ್ಲ. ನಾನು ಅವರ ಕಾಲುಗಳ ನಡುವೆ ಬಗ್ಗಿಕೊಂಡು ನೆಲ ಒರೆಸಿದೆ. ಬಗ್ಗಿ ಒರೆಸುವಾಗ ಯಾರೂ ಮುಖ ನೋಡುವುದಿಲ್ಲ, ಅದೊಂದು ಅನುಕೂಲ.

ಸುದ್ದಿ ಮುಟ್ಟಿ ಅಪ್ಪ ಗದಗಿನಿಂದ ಬಂದ. ಬಂದವನು ನೆಟ್ಟಗೆ ಶೆಗಡಿಯ ಹತ್ತಿರ ಹೋಗಿ ಕೈ ಚಾಚಿದ. ಅತ್ತೆ ಒಳಗಿನಿಂದ ಕೂಗಿದರು, “ಬೀಗರ, ಈಗ ಕೈ ಇಡಬ್ಯಾಡ್ರಿ!” ಅಪ್ಪ ಕೈ ಹಿಂದೆ ತೆಗೆದುಕೊಂಡ. ಬೆರಳಿನ ತುದಿ ಸ್ವಲ್ಪ ತಾಗಿಯೇ ಇತ್ತು, ಅದನ್ನು ಬಾಯಲ್ಲಿಟ್ಟುಕೊಂಡು ಕುಳಿತ. ಚಹಾ ಎರಡು ಸಲ ಕೇಳಿ ಕುಡಿದ.

ಹೊಸ ಅರಳೆ ಬಂತು. ಜಿನ್ನಿನ ಪೂಜೆಯ ದಿನ ನಾನು ಎಂದಿನ ಹಾಗೆ ಅರಿಸಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದೆ. ಅತ್ತೆ ಆ ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ತುಂಬಿದ ಕೊಡ ಎತ್ತಿ ನನ್ನ ಸೊಂಟಕ್ಕೆ ಇಟ್ಟರು.

“ಈ ವರ್ಷ ನೀ ಹೊರು” ಎಂದರು.

ಮನೆಯಿಂದ ಜಿನ್ನಿಗೆ ಬಹಳ ದೂರವಿಲ್ಲ. ಆ ದಿನ ಆ ದಾರಿ ಮುಗಿಯಲೇ ಇಲ್ಲ. ಕಟ್ಟೆಗಳ ಮೇಲೆ ಹೆಂಗಸರು ನಿಂತಿದ್ದರು. ಕೊಡ ಹೊರುವ ಆಸೆ ಎಷ್ಟು ವರ್ಷದ್ದು, ಆದರೆ ಹೊತ್ತ ಮೇಲೆ ನನಗೆ ತಲೆ ಎತ್ತಲು ಆಗಲಿಲ್ಲ. ಪಶ್ಚಿಮಕ್ಕೆ ಹರಿದ ಹಾಲು ಇಡೀ ಓಣಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅತ್ತೆ ನನ್ನ ಹಿಂದೆ ತಟ್ಟೆ ಹಿಡಿದು ನಡೆಯುತ್ತಿದ್ದರು. ಅವರ ಹೆಜ್ಜೆಯ ಸದ್ದು ಕೇಳುತ್ತ ನನ್ನ ಕಿವಿ ಕಾದ ತಟ್ಟೆಯ ಹಾಗೆ ಸುಡುತ್ತಿದ್ದವು. ಎಷ್ಟು ಹುಷಾರಾಗಿ ನಡೆದರೂ ನೀರು ತುಳುಕಿ ಪಾದದ ಮೇಲೆ ಬಿತ್ತು.

ಎದುರು ಮನೆಯ ಅಜ್ಜಿ ಕಟ್ಟೆಯ ಮೇಲೆ ಕೋಲು ಊರಿ ಕುಳಿತಿದ್ದಳು. ನಾನು ಮುಂದೆ ಬಂದಾಗ ಪಕ್ಕದವಳಿಗೆ, ಓಣಿಗೆಲ್ಲ ಕೇಳುವ ಹಾಗೆ, ಹೇಳಿದಳು.

“ಹೊಸಾ ಸೊಸಿ ನೋಡ. ಎಷ್ಟ ನಾಚತಾಳ.”